ಚಾವಯ್ಯ ಮಾಡಿಸಿದ ಪಾದ

ಗಂಗಾವತಿ ದಾಟಿ ಮರಳಿಯ ಕಡೆ ಹೊರಟರೆ ಕಣ್ಣಿಗೆ ಬೀಳುವುದು ನೀರು ನಿಂತ ಗದ್ದೆ, ಗದ್ದೆ ಮುಗಿದಲ್ಲಿ ಅಕ್ಕಿ ಗಿರಣಿ, ಗಿರಣಿ ಮುಗಿದಲ್ಲಿ ಮತ್ತೆ ಗದ್ದೆ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಎದ್ದು, ಮುನಿರಾಬಾದಿನಿಂದ ಎಡದಂಡೆ ಕಾಲುವೆ ಹರಿದ ಮೇಲೆ ಈ ಜೋಳದ ಸೀಮೆ ಭತ್ತದ ಸೀಮೆಯಾಯಿತು. ಮಸಾರಿ, ಎರಿ ಎಂದು ಮಣ್ಣು ನೋಡಿ ಹೊಲ ಗುರುತಿಸುತ್ತಿದ್ದವರು ಈಗ ಮೇಲ್ಭಾಗ, ಕೆಳಭಾಗ ಎಂದು ಕಾಲುವೆಯ ಲೆಕ್ಕದಲ್ಲಿ ಗುರುತಿಸುತ್ತಾರೆ. ಮರಳಿಯಲ್ಲಿ ನಮ್ಮ ಬಳಗದವರ ಮನೆಯಿದೆ. ಆದರೆ ಈ ಸಲ ನಾನು ಬಂದದ್ದು ಉಂಡು ಮಲಗುವುದಕ್ಕಲ್ಲ, ತಲೆಯ ಮೇಲೆ ಒಂದು ಕೆಲಸ ಹೊತ್ತುಕೊಂಡು.

ಕೆಲಸ ಇಷ್ಟು. ನಿವೃತ್ತರಾದ ಕೆಲವು ಗೆಳೆಯರು ಸೇರಿ ಒಂದು ನಗರದ ಅಂಚಿನಲ್ಲಿ ಹಿರಿಯರಿಗೆಂದೇ ಮನೆಗಳ ಗುಂಪು ಕಟ್ಟಿಸುತ್ತಿದ್ದಾರೆ. ಮೇಷ್ಟ್ರುಗಳು, ನೀರಾವರಿ ಇಲಾಖೆಯವರು, ಬ್ಯಾಂಕಿನವರು. ಕೆಲವರು ಆಗಲೇ ವಾಸಕ್ಕೂ ಬಂದಿದ್ದಾರೆ. ನಡುವಿನ ಅಂಗಳಕ್ಕೆ ಒಂದು ಕಲಾಕೃತಿ ಬೇಕೆಂದು ಸಮಿತಿ ಹಣ ತೆಗೆದಿಟ್ಟಿದೆ. ಏನು ಮಾಡಿಸಬೇಕು, ಯಾರಿಂದ ಮಾಡಿಸಬೇಕು ಎಂದು ಹೇಳುವ ಹೊಣೆ ನನಗೆ. ಮಾದರಿಗೆ ಎರಡು ಚಿತ್ರ ಕಳಿಸಿದ್ದರು. ಮುಳುಗುವ ಸೂರ್ಯನತ್ತ ಹಾರುವ ತಗಡಿನ ಹಕ್ಕಿಗಳು ಒಂದು. ಈ ವಯಸ್ಸಿನವರ ಕಿಟಕಿಯೆದುರು ದಿನವೂ ಸೂರ್ಯ ಮುಳುಗಿಸುವ ಧೈರ್ಯ ಯಾರಿಗೆ ಬಂತೋ! ಇನ್ನೊಂದು, ಬೆಂಚಿನ ಮೇಲೆ ಕೈ ಹಿಡಿದು ಕೂತ ಫೈಬರ್ ಅಜ್ಜ ಅಜ್ಜಿ. ಇಬ್ಬರ ಮುಖದಲ್ಲೂ ಟೂತ್‌ಪೇಸ್ಟ್ ಜಾಹೀರಾತಿನ ನಗು.

ಆ ಎರಡನೆಯ ಚಿತ್ರವನ್ನು ಮರಳಿಯ ಕಟ್ಟೆಯ ಮೇಲೆ ಕೂತ ಹಿರಿಯರಿಗೆ ತೋರಿಸಿದೆ. ಮೊಬೈಲು ಕೈಯಿಂದ ಕೈಗೆ ಹೋಯಿತು. ಒಬ್ಬರು ಕನ್ನಡಕ ಮೇಲೆತ್ತಿ ನೋಡಿದರು.

‘ಇವ್ರ್ಯಾರ್ರೀ?’

‘ಯಾರೂ ಅಲ್ಲ. ಸುಮ್ಮನೆ ಮುದುಕ, ಮುದುಕಿ.’

‘ಮತ್ತ ಕಟ್ಟೀ ಮ್ಯಾಲ ಇವ್ರ ಕುಂತ್ರ ನಾವೆಲ್ಲಿ ಕುಂದ್ರೂಣು?’

ಸಮಿತಿಯ ಟಿಪ್ಪಣಿಯಲ್ಲಿ ಪರಿಕಲ್ಪನೆ, ಸೌಂದರ್ಯಪ್ರಜ್ಞೆ ಎಂದೆಲ್ಲ ಪುಟಗಟ್ಟಲೆ ಇತ್ತು. ಈ ಪ್ರಶ್ನೆ ಮಾತ್ರ ಎಲ್ಲೂ ಇರಲಿಲ್ಲ. ಆಮೇಲೆ ನಾನು ಹೋದಲ್ಲೆಲ್ಲ ಅದು ನನ್ನ ಹಿಂದೆಯೇ ಬಂತು.

ಊರ ಕಟ್ಟೆಯನ್ನು ಸುಮ್ಮನೆ ನೋಡುತ್ತ ಕೂತರೆ ಅದರ ಲೆಕ್ಕಾಚಾರ ತಿಳಿಯುತ್ತದೆ. ಅದು ಇರುವುದು ಬಸ್ಸು ನಿಲ್ಲುವಲ್ಲಿ. ಎದುರಿಗೆ ಚಹಾದಂಗಡಿ, ಪಕ್ಕಕ್ಕೆ ಗೊಬ್ಬರದಂಗಡಿ. ಗಂಗಾವತಿಯಿಂದ ಬಂದವರು ಇಳಿದ ಕೂಡಲೇ ಭತ್ತದ ದರ ಹೇಳಬೇಕು. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಯಾರ ಮಗಳನ್ನು ನೋಡಲು ಯಾವೂರವರು ಬಂದಿದ್ದರು, ಎಲ್ಲ ಅಲ್ಲೇ ಜಮೆಯಾಗುತ್ತದೆ. ಹಳೆಯ ಹೊಲದ ಬದುವಿನ ತಕರಾರು ಬಂದರೆ ಹರೆಯದವರು ಕಟ್ಟೆಗೆ ಬಂದು ಕೇಳುತ್ತಾರೆ. ಕೂತವರಿಗೆ ಕಾಲಹರಣ ನಿಜ, ಊರಿಗೆ ಮಾತ್ರ ಅದು ಕಚೇರಿ.

ಕಟ್ಟೆಯೆದುರು ಬಸ್ಸು ನಿಂತಾಗ ಇನ್ನೊಂದು ನಿಲ್ದಾಣ ನೆನಪಾಯಿತು. ಜರ್ಮನಿಯ ಡ್ಯೂಸೆಲ್‌ಡಾರ್ಫಿನ ಬೆನ್ರಾತ್ ಎಂಬಲ್ಲಿಯ ವೃದ್ಧಾಶ್ರಮವೊಂದು ತನ್ನ ಬಾಗಿಲ ಮುಂದೆ ಬಸ್ ನಿಲ್ದಾಣ ಮಾಡಿಸಿತ್ತು. ಫಲಕ, ಬೆಂಚು ಎಲ್ಲ ಅಸಲಿ. ಬಸ್ಸು ಮಾತ್ರ ಬರುವುದಿಲ್ಲ. ಮರೆವಿನ ಕಾಯಿಲೆಯವರು ‘ಮನೆಗೆ ಹೋಗಬೇಕು’ ಎಂದು ಎದ್ದು ಹೊರಟರೆ ಅಲ್ಲಿ ಬಂದು ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ಹೊರಟದ್ದೇ ಮರೆಯುತ್ತದೆ, ಸಿಬ್ಬಂದಿ ಬಂದು ಚಹಾಕ್ಕೆ ಕರೆದೊಯ್ಯುತ್ತಾರೆ. ಜಗತ್ತಿನ ಬಹಳ ಕಡೆ ಇದನ್ನು ಅನುಕರಿಸಿದ್ದಾರೆ, ಇದು ಮೋಸವಲ್ಲವೇ ಎಂದು ಜಗಳವೂ ಆಗಿದೆ. ಬೀಗ ಹಾಕುವುದಕ್ಕಿಂತ ಇದು ಎಷ್ಟೋ ವಾಸಿ, ಒಪ್ಪುತ್ತೇನೆ. ಆದರೂ ಮರಳಿಯಲ್ಲಿ ಕೂತು ಅದನ್ನು ನೆನೆದಾಗ ಮನಸ್ಸು ಒಗ್ಗಲಿಲ್ಲ. ಇಲ್ಲಿ ಬಸ್ಸು ನಿಜವಾಗಿಯೂ ಬರುತ್ತದೆ, ಅದರಿಂದ ಯಾರಾದರೂ ಇಳಿಯುತ್ತಾರೆ.

ಮಾದರಿ ಹುಡುಕುತ್ತ ಮೊದಲು ಹೋದದ್ದು ಹಿರೇಬೆಣಕಲ್ಲಿನ ಗುಡ್ಡಕ್ಕೆ, ಗಂಗಾವತಿಗೆ ಹತ್ತಿರವೇ. ಮೊಣಕಾಲು ಗಟ್ಟಿ ಇರುವಾಗಲೇ ಹತ್ತಬೇಕಾದ ಜಾಗ. ಮೇಲೆ ಸುಮಾರು 400 ಶಿಲಾಸಮಾಧಿಗಳಿವೆ, ಕ್ರಿಸ್ತಪೂರ್ವದವು. ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳು, ಕೆಲವಕ್ಕೆ ಗೋಡೆಯಲ್ಲಿ ದುಂಡನೆಯ ಕಿಂಡಿ. 1835ರಲ್ಲಿ ಆಂಗ್ಲ ಅಧಿಕಾರಿ ಮೆಡೋಸ್ ಟೇಲರ್ ಇವನ್ನು ದಾಖಲಿಸಿದ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಸುತ್ತಲಿನ ಜನಕ್ಕೆ ಇದು ಮೋರೇರ ಗುಡ್ಡ, ಮೂರು ಗೇಣಿನ ಕುಳ್ಳರು ವಾಸವಿದ್ದ ಊರು. ತುದಿಯಲ್ಲೊಂದು ನಗಾರಿಯಂಥ ಬಂಡೆ. ಕಲ್ಲಿನಿಂದ ಬಡಿದರೆ ದೂರಕ್ಕೆ ಕೇಳುವ ಸದ್ದು. ಬದುಕಿದ್ದವರ ಮನೆಗಳು ಮಣ್ಣಾಗಿ ಹೋದವು, ಸತ್ತವರ ಮನೆಗಳು ಉಳಿದವು. ಚೆಲುವಾದ ಜಾಗ. ನನ್ನ ಕೆಲಸಕ್ಕೆ ಮಾತ್ರ ಇಲ್ಲಿ ಏನೂ ಸಿಗಲಿಲ್ಲ. ನನ್ನ ಗೆಳೆಯರು ಇನ್ನೂ ಬದುಕಿದ್ದಾರೆ, ಸಂಜೆ ಇಸ್ಪೀಟು ಆಡುತ್ತಾರೆ.

ಬೇಕಾದ್ದು ಸಿಕ್ಕಿದ್ದು ಕೊಪ್ಪಳದಲ್ಲಿ. ಊರ ಪಶ್ಚಿಮಕ್ಕೆ ಬಂಡೆಗಳ ಸಾಲು. ಅದರಲ್ಲೊಂದರ ನೆತ್ತಿಯಲ್ಲಿ ಎರಡು ಗುಂಡುಗಳ ಮೇಲೆ ಒಂದು ಚಪ್ಪಡಿ ಅಡ್ಡ ಕೂತಿದೆ. ಅದೇ ಪಲ್ಲಕ್ಕಿಗುಂಡು, ಹೊರುವವರು ಇಳಿಸಿ ನೀರು ಕುಡಿಯಲು ಹೋದ ಪಲ್ಲಕ್ಕಿಯ ಹಾಗೆ. ಅದರಡಿ ಅಶೋಕನ ಶಾಸನವಿದೆ, ಬಹುಪಾಲು ಅಳಿಸಿದೆ. ಗವಿಮಠದ ಗುಡ್ಡದಲ್ಲಿರುವ ಇನ್ನೊಂದು ಚೆನ್ನಾಗಿ ಉಳಿದಿದೆ. ಎರಡೂ ಬೆಳಕಿಗೆ ಬಂದದ್ದು 1931ರಲ್ಲಿ, ಕೊಪ್ಪಳ ಇನ್ನೂ ನಿಜಾಮನ ರಾಜ್ಯದಲ್ಲಿದ್ದಾಗ. ತಂದೆತಾಯಿಗೆ, ಹಿರಿಯರಿಗೆ ವಿಧೇಯರಾಗಿರಿ ಎಂದು ಅಶೋಕ ಹೇಳಿಸಿದ ಎರಡನೆಯ ಕಿರುಶಾಸನ ಇಲ್ಲಿ ಇಲ್ಲ. ಅದಕ್ಕೆ ಚಿತ್ರದುರ್ಗದ ಕಡೆಯ ಬ್ರಹ್ಮಗಿರಿಯಂಥ ಜಾಗಕ್ಕೆ ಹೋಗಬೇಕು. ಇಲ್ಲೇ ಇದ್ದಿದ್ದರೆ ಅದನ್ನೇ ಬರೆಸಿಬಿಡಿ ಎಂದು ಸಮಿತಿಗೆ ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆನೇನೋ.

ಅಶೋಕನಿಗಾಗಿ ಬಂದವರು ಗಮನಿಸದೆ ದಾಟಿಬಿಡುವ ಒಂದು ಸಂಗತಿ ಪಲ್ಲಕ್ಕಿಗುಂಡಿನ ಬೆಟ್ಟದ ಮೇಲೆಯೇ ಇದೆ. ಬಂಡೆಯಲ್ಲಿ ಕೊರೆದ ಒಂದು ಜೋಡಿ ಪಾದ. ಕೆಳಗೆ ಎರಡು ಸಾಲು ಹಳಗನ್ನಡ: ಇವು ಜಟಾಸಿಂಗನಂದಿ ಆಚಾರ್ಯರ ಪಾದಗಳು, ಚಾವಯ್ಯ ಮಾಡಿಸಿದನು. ಅಷ್ಟೇ. ಜಟಾಸಿಂಹನಂದಿ ಸಂಸ್ಕೃತದಲ್ಲಿ ‘ವರಾಂಗಚರಿತ’ ಬರೆದ ಕವಿ. ಏಳನೆಯ ಶತಮಾನದ ಆಸುಪಾಸಿನವನು ಎನ್ನುತ್ತಾರೆ. ಪಾದದ ಕೆಳಗಿನ ಅಕ್ಷರಗಳು ಅವನಿಗಿಂತ ಈಚಿನವು ಎಂದು ವಿದ್ವಾಂಸರ ಲೆಕ್ಕ. ಆ ಕಾವ್ಯ ಎ.ಎನ್. ಉಪಾಧ್ಯೆಯವರ ಸಂಪಾದನೆಯಲ್ಲಿ ಅಚ್ಚಾದದ್ದು 1938ರಲ್ಲಿ. ಅಂದರೆ ಕಾವ್ಯ ಓಲೆಗರಿಗಳಲ್ಲಿ ಅವಿತು ಕೂತಿದ್ದ ಶತಮಾನಗಳಲ್ಲೆಲ್ಲ ಕವಿಯ ಪಾದ ಇಲ್ಲಿ ಬಿಸಿಲು ಕಾಯಿಸುತ್ತ ಬಯಲಲ್ಲೇ ಇತ್ತು. ಚಾವಯ್ಯ ಮುಖ ಕೆತ್ತಿಸಲಿಲ್ಲ, ಗುಣಗಾನ ಬರೆಸಲಿಲ್ಲ. ಆತ ಇಲ್ಲಿ ನಿಂತಿದ್ದ ಎನ್ನುವಷ್ಟನ್ನೇ ಮಾಡಿಸಿದ.

ಕೊಪ್ಪಳ ಆಗ ಕೊಪಣ. ‘ಕವಿರಾಜಮಾರ್ಗ’ದಲ್ಲಿ ಅದು ತಿರುಳ್ಗನ್ನಡ ನಾಡಿನ ನಾಲ್ಕು ಊರುಗಳಲ್ಲೊಂದು, ರನ್ನನಿಗೆ ಅತ್ತಿಮಬ್ಬೆಯ ನಡತೆಯ ಪಾವಿತ್ರ್ಯ ಹೇಳಲು ನೆನಪಾದ ಬೆಟ್ಟ. ಜೈನ ಮುನಿಗಳು ಬದುಕಿನ ಕೊನೆಯ ದಿನಗಳಿಗೆ ಆರಿಸಿಕೊಳ್ಳುತ್ತಿದ್ದ ತೀರ್ಥ ಇದು. ಶ್ರವಣಬೆಳಗೊಳದ ಚಿಕ್ಕಬೆಟ್ಟವೂ ಹಾಗೆಯೇ. ವೃದ್ಧಾಶ್ರಮ ಎಂದು ಅದನ್ನು ಕರೆಯುವುದು ಅತಿಯಾದೀತು. ಸಲ್ಲೇಖನ ಎಂದರೆ ಉಪವಾಸವಿದ್ದು ದೇಹ ಬಿಡುವ ವ್ರತ, ಅದಕ್ಕೆ ಅದರದೇ ಕಾಠಿನ್ಯವಿದೆ. ಆದರೆ ಮುದಿ ಮೈಯ ಜನ ತಾವಾಗಿ ಬಂದು ನೆಲೆಸಿದ ಜಾಗ, ಅವರಿಗಾಗಿ ಊರವರು ಕಲ್ಲು ಕೊರೆಸಿದ ಜಾಗ ಈ ಸೀಮೆಯಲ್ಲಿ ಇದ್ದರೆ ಅದು ಇದೇ.

ಏನು ಕೊರೆಸಿದರು ಎನ್ನುವುದು ನನಗೆ ಮುಖ್ಯ. ನಿಜಾಮನ ಪುರಾತತ್ವ ಇಲಾಖೆಗಾಗಿ ಸಿ.ಆರ್. ಕೃಷ್ಣಮಾಚಾರ್ಲು ಕೊಪ್ಪಳದ ಕನ್ನಡ ಶಾಸನಗಳನ್ನು ಸಂಪಾದಿಸಿದ ಪುಸ್ತಕ 1935ರದು. ಅಲ್ಲಿಯ ಶಾಸನವೊಂದು ಶಕವರ್ಷ 803ರದು, ಎಂದರೆ ಕ್ರಿಸ್ತಶಕ 881. ಏಕಚಟ್ಟುಗದ ಭಟಾರರ ಶಿಷ್ಯ ಸರ್ವನಂದಿ ಭಟಾರರು ಇಲ್ಲಿ ಇದ್ದು, ಊರಿಗೂ ತೀರ್ಥಕ್ಕೂ ಉಪಕಾರಿಯಾಗಿ, ಬಹುಕಾಲ ತಪಸ್ಸು ಮಾಡಿ, ಸನ್ಯಸನದಿಂದ ದೇಹ ಬಿಟ್ಟರು ಎಂದು ಅದರ ಸಾರ. ದೊಡ್ಡ ಬಿರುದು ಯಾವುದೂ ನನ್ನ ಮನಸ್ಸಿನಲ್ಲಿ ನಿಲ್ಲಲಿಲ್ಲ, ಊರಿಗೆ ಉಪಕಾರಿಯಾಗಿದ್ದರು ಎಂಬ ಮಾತು ನಿಂತಿತು. ಸಾಯಲು ಬಂದ ಮುದುಕ ಎಂದು ಊರು ಅವರನ್ನು ಮೂಲೆಗೆ ಕೂರಿಸಿರಲಿಲ್ಲ. ಅವರಿಂದ ಕಲಿಯುವುದಿತ್ತು, ಕಲಿತರು, ಹಾಗೆಂದು ಬರೆಸಿದರು.

ಇನ್ನೊಂದು ಶಾಸನ ಇದಕ್ಕಿಂತ ಮುಂದೆ ಹೋಗುತ್ತದೆ. ಸಿಂಹನಂದಿ ಎಂಬ ಮುನಿ ಒಂದು ತಿಂಗಳ ಇಂಗಿಣಿ ವ್ರತದಿಂದ ತೀರಿಕೊಂಡರು. ಆ ತಿಂಗಳು ಅವರ ಬಳಿ ಇದ್ದು ಉಪಚರಿಸಿದ ನಾಲ್ವರ ಹೆಸರುಗಳೂ ಕಲ್ಲಿನಲ್ಲಿವೆ: ಸಿಂಹನಂದಿ ಅಣ್ಣ, ಮತಿಸಾಗರ ಅಣ್ಣ, ನರಲೋಕಮಿತ್ರ, ಬ್ರಹ್ಮಚಾರಿ ಅಣ್ಣ. ಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಇಂಗಿಣಿಯೆಂದರೆ ಇತರರ ಸೇವೆ ಒಲ್ಲದ ವ್ರತ; ಆದರೂ ಬಳಿಯಲ್ಲಿದ್ದವರನ್ನು ಕಲ್ಲು ಬಿಡಲಿಲ್ಲ. ಮುನಿ ತೀರಿದ ಎಡೆಯಲ್ಲಿ ಕಲ್ಯಾಣಕೀರ್ತಿ ಎಂಬವರು ಜಿನಚೈತ್ಯ ಮಾಡಿಸಿದರು. ಇಂಥ ಸಾವುಗಳನ್ನು ಜೀವಮಾನವಿಡೀ ಅಭ್ಯಾಸ ಮಾಡಿದ ಷ. ಶೆಟ್ಟರ್ ಇವನ್ನು ಬೇರೆ ಕಣ್ಣಿಂದ ಓದಿದರು. ನನ್ನದು ಗುತ್ತಿಗೆ ಕಾಗದ ಬರೆಯಬೇಕಾದವನ ಓದು. ಕಲ್ಲಿನ ಕೆಲಸದಲ್ಲಿ ಹಣ ಕೊಟ್ಟವರ ಹೆಸರು ಎಲ್ಲೆಲ್ಲೂ ಇರುತ್ತದೆ. ನಮ್ಮ ಗುಡಿಗಳ ಮೆಟ್ಟಿಲು, ಪಂಖ, ನೀರಿನ ಟ್ಯಾಂಕು ಕೂಡ ದಾನಿಯ ಹೆಸರಿಲ್ಲದೆ ಇರುವುದಿಲ್ಲ. ಹಾಸಿಗೆಯ ಪಕ್ಕ ಕೂತವರ ಹೆಸರು ಬರೆಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕುಕನೂರಿನ ಹತ್ತಿರದ ಇಟಗಿಗೂ ಹೋದೆ. 1112ರ ಮಹಾದೇವ ದೇವಾಲಯ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎನ್ನುತ್ತದೆ. ಆವರಣದ ಬೇರೆ ಗುಡಿಗಳನ್ನು ಅವನು ತಂದೆಗೆ, ತಾಯಿಗೆ ಎಂದು ಮಾಡಿಸಿದ. ಬಳಪದ ಕಲ್ಲಿನಲ್ಲಿ ಮೂಡಿದ ಆ ಕಂಬಗಳನ್ನು ಹೊಗಳಲು ನನ್ನ ಅಗತ್ಯವಿಲ್ಲ. ಮಗನ ವೈಭವ ದೊಡ್ಡದು, ಅದರ ನಡುವೆ ಅಪ್ಪ ಅಮ್ಮ ಎಂಥವರಿದ್ದರು ಎಂಬುದು ಮಾತ್ರ ತಿಳಿಯಲಿಲ್ಲ. ಬೇಗ ಹೊರಟೆ, ಕಿನ್ನಾಳದ ಬಸ್ಸು ತಪ್ಪೀತೆಂದು.

ಕಿನ್ನಾಳದ ಚಿತ್ರಗಾರರ ಓಣಿಯಲ್ಲಿ ಮೊದಲು ಮೂಗಿಗೆ ಬರುವುದು ಹುಣಸೆಬೀಜದ ಅಂಟಿನ ವಾಸನೆ. ಹಗುರ ಕಟ್ಟಿಗೆ ಕೆತ್ತಿ ಗೊಂಬೆಯ ಅಂಗಾಂಗ ಜೋಡಿಸುತ್ತಾರೆ. ನೆನೆಸಿ ಒಣಗಿಸಿ ಪುಡಿ ಮಾಡಿದ ಸೆಣಬಿನ ಚಿಂದಿ, ಕಟ್ಟಿಗೆ ಹೊಟ್ಟು, ಹುಣಸೆಬೀಜದ ಅಂಟು ಕಲಸಿದರೆ ಕಿಟ್ಟ. ಅದನ್ನು ಕೈಯಿಂದಲೇ ಮೈತುಂಬ ಮೆತ್ತುತ್ತಾರೆ. ಮೇಲೆ ಹತ್ತಿಬಟ್ಟೆಯ ಚೂರು, ಅದರ ಮೇಲೆ ಹರಳುಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಒಡವೆಗಳನ್ನು ಅದೇ ಲೇಪದಿಂದ ಉಬ್ಬಿಸಿ ಎತ್ತುತ್ತಾರೆ. ಗರುಡ, ಗೌರಿ, ಎತ್ತು, ಗಿಳಿ. ಹಂಪಿಯ ವಿರೂಪಾಕ್ಷ ಗುಡಿಯ ಛಾವಣಿಯ ಚಿತ್ರಗಳು ತಮ್ಮ ಹಿರೀಕರದೇ ಎನ್ನುವುದು ಇವರ ಮನೆತನಗಳ ನಂಬಿಕೆ. ಈ ಗೊಂಬೆಗಳಿಗೆ ಭೌಗೋಳಿಕ ಗುರುತು ಸಿಕ್ಕಿದೆ; ಕೆಲಸ ಮಾಡುವ ಮನೆಗಳು ಮಾತ್ರ ಕಡಿಮೆಯಾಗಿವೆ.

ಉಬ್ಬಿದ ಒಡವೆಯ ಮೇಲೆ ಬೆರಳಾಡಿಸಿದಾಗ ನನಗೆ ನಮ್ಮ ಗೆಳೆಯರ ಕಣ್ಣು ನೆನಪಾಯಿತು. ಅರವತ್ತರ ಕಣ್ಣಿನೊಳಕ್ಕೆ ಹೋಗುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಗುವುದರ ಮೂರನೇ ಒಂದು ಭಾಗದಷ್ಟು. ಕಣ್ಣಿನ ಮಸೂರ ವಯಸ್ಸಾದಂತೆ ಹಳದಿಯಾಗುತ್ತದೆ, ನೀಲಿ ಹಸಿರು ಒಂದರೊಳಗೊಂದು ಕರಗುತ್ತವೆ. ನಗರದ ಶಿಲ್ಪಿಗಳು ಇಷ್ಟಪಡುವ ತಿಳಿಬೂದು, ತಿಳಿನೀಲಿ ಇವರ ಪಾಲಿಗೆ ಮಬ್ಬು. ಕುಷ್ಟಗಿ, ಇಳಕಲ್ಲಿನ ಕಡೆಯ ಕೆಂಪು ಗ್ರಾನೈಟನ್ನು ಕನ್ನಡಿಯ ಹಾಗೆ ಪಾಲಿಶು ಮಾಡಿ ನೆಲಕ್ಕೆ ಹಾಸಿದರಂತೂ ಬಿಸಿಲಿನ ಝಳಕ್ಕೆ ಕಣ್ಣು ಕತ್ತಲಿಟ್ಟು ಕಾಲು ಎಲ್ಲಿಡುವುದೋ ತಿಳಿಯದು. ಕಿನ್ನಾಳದ ಕಡುಗೆಂಪು, ಅರಿಶಿನ ಹಳದಿ, ಕಪ್ಪು ಗೆರೆ ನಗರದ ಕಣ್ಣಿಗೆ ಢಾಳಾಗಿ ಕಾಣಬಹುದು. ಮುಪ್ಪಿನ ಕಣ್ಣಿಗೆ ಅದು ಸರಿಯಾದ ಬಣ್ಣ, ಕಾಣದವರಿಗೆ ಬೆರಳಿದೆ.

‘ಅಂಗಳದಾಗ ಇಡಬೇಕಂತೀರಿ?’ ಎಂದರು ಅಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರು. ‘ಮಳ್ಯಾಗ ಇಟ್ರ ಎಲ್ಡು ವರ್ಷಕ್ಕ ಹೊಕ್ಕೈತ್ರಿ. ಮಾಳಿಗಿ ಕೆಳಗ ಇಡ್ರಿ. ಅಲ್ಲೂ ಬಣ್ಣ ಹೋಗ್ತದ. ಮತ್ತ ಕರೀರಿ, ಬಂದು ಬಳದು ಕೊಡ್ತೀನಿ.’

ಊರಿನ ದ್ಯಾಮವ್ವ ದುರಗವ್ವರಿಗೂ ಹೀಗೇ ಎಂದು ವಿವರಿಸಿದರು. ಕಟ್ಟಿಗೆಯ ದೇವಿ, ಕೆಲವು ವರ್ಷಕ್ಕೊಮ್ಮೆ ಜಾತ್ರೆ, ಜಾತ್ರೆಗೆ ಮೊದಲು ಚಿತ್ರಗಾರರನ್ನು ಕರೆಸಿ ಬಣ್ಣ. ಊರು ಅದಕ್ಕೆ ಪಟ್ಟಿ ಎತ್ತುತ್ತದೆ. ಬಣ್ಣ ಹಾಳಾಗುವುದು ಅಲ್ಲಿ ಯಾರಿಗೂ ದೋಷವಲ್ಲ, ಹಾಳಾಗದಿದ್ದರೆ ಜಾತ್ರೆಯ ಒಂದು ಕೆಲಸವೇ ತಪ್ಪಿಹೋಗುತ್ತದೆ. ಸಮಿತಿಯ ಕಾಗದದಲ್ಲಿ ನಿರ್ವಹಣೆಯಿಲ್ಲದೆ 25 ವರ್ಷ ಬಾಳಬೇಕು ಎಂದು ಷರತ್ತಿತ್ತು. ಎಪ್ಪತ್ತು ದಾಟಿದವರು ಹಾಕಿದ ಷರತ್ತು! ಅವರಿಗೆ ಬೇಕಾದ್ದು ಎರಡು ಮೂರು ವರ್ಷಕ್ಕೊಮ್ಮೆ ಚಿತ್ರಗಾರರು ಬಂದು, ವಾರಗಟ್ಟಲೆ ಇದ್ದು, ಪಕ್ಕದಲ್ಲಿ ಕೂತವರ ಕೈಗೂ ಕುಂಚ ಕೊಟ್ಟು ಹೋಗುವ ಕೃತಿ ಎಂದು ನನಗನ್ನಿಸಿತು.

ಕುಂಚ ಹಿಡಿಯುವ ವಯಸ್ಸು ಮುಗಿಯಿತು ಎನ್ನುವವರಿಗೆ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಇದ್ದಾರೆ. ತೊಗಲುಗೊಂಬೆಯ ಆಟ ಆಡಿಸುತ್ತ ದೇಶ ವಿದೇಶ ಸುತ್ತಿದವರು. 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96. ತೊಗಲುಗೊಂಬೆಯನ್ನು ದೀಪಕ್ಕೆ ಹಿಡಿದರೆ ಪರದೆಯಲ್ಲಿ ಬಣ್ಣ ಹೊಳೆಯುತ್ತದೆ, ಮಬ್ಬು ಕಣ್ಣಿಗೂ ದೂರದಿಂದ ಕಾಣುತ್ತದೆ. ಹಿರಿಯರಿಗಾಗಿ ಕಲೆ ಎಂದು ಮಾತಾಡುವವರು ಕಲೆ ಹಿರಿಯರ ಕೈಯಲ್ಲೇ ಇರುವುದನ್ನು ಮರೆತೇಬಿಡುತ್ತಾರೆ. ನನ್ನ ಗೆಳೆಯರಿಗೆ ಬೇರೆ ಏನೂ ಆಗದಿದ್ದರೂ ಒಂದು ಬಿಳಿ ಗೋಡೆ, ಎದುರಿಗೆ ನಾಲ್ಕು ಸಾಲು ಕೂರುವಷ್ಟು ಜಾಗ ಬಿಡಿ ಎಂದು ಬರೆದೆ.

ಮರಳಿಗೆ ಹಿಂದಿರುಗಿ ಸಮಿತಿಗೆ ಪತ್ರ ಬರೆದೆ. ಫೈಬರ್ ದಂಪತಿ ಬೇಡ. ಅಂಗಳದ ನಡುವಿನ ಜಾಗ ಖಾಲಿ ಇರಲಿ. ಕಟ್ಟೆ ಕಟ್ಟಿಸಿ, ಆದರೆ ಆವರಣದ ಗೋಡೆಯ ಹೊರಗೆ, ಬಸ್ಸು ನಿಲ್ಲುವಲ್ಲಿ, ಮೇಲೊಂದು ಬೇವಿನ ಸಸಿ. ಹತ್ತಿರದ ಹಳ್ಳಿಯವರೂ ಶಾಲೆಯ ಮಕ್ಕಳೂ ಬಂದು ಕೂರುವಂತಿರಲಿ. ಒಳಗಿನ ಪಡಸಾಲೆಗೆ ಕಿನ್ನಾಳದವರಿಂದ ಉಬ್ಬು ಫಲಕಗಳು. ಗಾಲಿಕುರ್ಚಿಯಲ್ಲಿ ಕೂತವರ ಕೈಗೆ ಎಟಕುವ ಎತ್ತರದಲ್ಲಿ. ದೇವರ ಕತೆ ಎಲ್ಲ ಕಡೆ ಇದೆ. ಇಲ್ಲಿ ವಾಸಿಸುವವರ ಕಸುಬು ಬರಲಿ, ಹಾಜರಿ ಪುಸ್ತಕ, ಕಾಲುವೆಯ ತೂಬು, ನಗದು ಕಿಟಕಿ. ಮತ್ತೆ ಬಣ್ಣ ಬಳಿಯುವ ಹಣ ಈಗಲೇ ಬೇರೆ ಇಡಿ. ಕಟ್ಟೆಯ ಮಗ್ಗುಲಿಗೆ ಪಾಲಿಶು ಮಾಡದ ಒಂದು ಕಲ್ಲು ನಿಲ್ಲಿಸಿ. ಅದರ ಮೇಲೆ ಇಲ್ಲಿ ಬಾಳಿದವರು ಊರಿಗೆ ಏನು ಮಾಡಿಕೊಟ್ಟರು ಎಂದು ಒಂದೊಂದು ಸಾಲು. ಕೆಳಗೆ ಅವರನ್ನು ನೋಡಿಕೊಂಡವರ ಹೆಸರು: ಆಯಾಗಳು, ಅಡುಗೆಯವರು, ರಾತ್ರಿ ಕಾವಲಿನವರು.

ಫೋನು ಬಂತು. ಫಲಕಗಳಿಗೆ ಒಪ್ಪಿಗೆ, ಹಾಜರಿ ಪುಸ್ತಕದ ವಿಷಯ ಕೇಳಿ ಮೇಷ್ಟ್ರುಗಳಿಗೆ ವಿಶೇಷ ಖುಷಿಯಂತೆ. ಕಟ್ಟೆಗೆ ಗೊಣಗು. ಗೋಡೆಯ ಹೊರಗೆ ಕಟ್ಟಿದರೆ ಹೋಗುವವರು ಬರುವವರೆಲ್ಲ ಕೂರುತ್ತಾರಲ್ಲ ಎಂದರು ಖಜಾಂಚಿ. ಅದಕ್ಕೇ ಕಟ್ಟುವುದು ಎಂದೆ. ಕೊನೆಗೆ ಮುಂದಿನ ಸಭೆಗೆ ಇಡುತ್ತೇವೆ ಎಂದರು. ಕಲ್ಲಿಗೆ ಬಂದಾಗ ಮಾತು ನಿಂತಿತು. ನೋಡಿಕೊಳ್ಳುವವರು ಆರು ತಿಂಗಳಿಗೊಮ್ಮೆ ಬದಲಾಗುತ್ತಾರೆ, ಎಷ್ಟು ಹೆಸರು ಎಂದು ಕೆತ್ತಿಸುವುದು? ಕಲ್ಲಿನಲ್ಲಿ ಜಾಗ ಬಿಡಿ ಎಂದೆ. ಅಕ್ಷರಕ್ಕೆ ಎಷ್ಟು ಎಂದು ಕೇಳಿದರು. ಗಂಗಾವತಿಯ ಕಲ್ಲುಕುಟಿಗರೊಬ್ಬರನ್ನು ವಿಚಾರಿಸಿ ದರ ತಿಳಿಸಿದೆ. ಅವರು ದರದ ಜೊತೆಗೆ ಒಂದು ಮಾತು ಸೇರಿಸಿದ್ದರು, ಅದನ್ನೂ ಕಳಿಸಿದೆ: ‘ಹೆಸರು ಪೂರ್ತಿ, ಸರಿಯಾಗಿ ಬರದು ಕೊಡ್ರಿ. ಕೆತ್ತಿದ ಮ್ಯಾಲ ಅಳಸಾಕ ಬರಂಗಿಲ್ಲ.’

ಸಮಿತಿ ಪಟ್ಟಿ ಮಾಡಲು ಕೂತಿತು. ಅಡುಗೆಯವರ ಹೆಸರು ಸಿಕ್ಕಿತು, ಸಂಬಳದ ಪುಸ್ತಕದಲ್ಲಿತ್ತು. ಏಜೆನ್ಸಿಯ ಮೂಲಕ ಬರುವ ರಾತ್ರಿ ಪಾಳಿಯ ಹೆಂಗಸನ್ನು ಮಾತ್ರ ಅಲ್ಲಿರುವವರೆಲ್ಲ ಅಕ್ಕ ಎಂದೇ ಕರೆಯುತ್ತಾರಂತೆ. ಅವಳ ಹೆಸರು ಕೇಳಲು ಖಜಾಂಚಿಯೇ ಒಂದು ರಾತ್ರಿ ಎದ್ದು ಕೂರುವುದೆಂದು ಠರಾವಾಗಿದೆ.